ಕಣ್ಣು ಆರಿಸಿದ ಗಿಟಾರ್

ಮಗಳು: ದೊಡ್ಡಪ್ಪ, ಈ ಎರಡು ಫೋಟೋ ನೋಡಿ. ಕಂಪನಿ ಒಂದೇ, ಮಾದರಿ ಒಂದೇ. ಪಿಕಪ್, ಬ್ರಿಡ್ಜ್, ಬಿರಡೆ ಎಲ್ಲವೂ ಒಂದೇ. ಒಂದರ ಮುಖಕ್ಕೆ ಕಪ್ಪು ಬಣ್ಣ ಹೊಡೆದಿದ್ದಾರೆ, ಇನ್ನೊಂದರಲ್ಲಿ ಮರದ ಪಟ್ಟೆ ಕಾಣುತ್ತೆ. ಆ ಪಟ್ಟೆಗೆ ಹನ್ನೆರಡು ಸಾವಿರ ಜಾಸ್ತಿ.

ದೊಡ್ಡಪ್ಪ: ನಿನ್ನ ಮನಸ್ಸು ಯಾವುದರ ಮೇಲಿದೆ?

ಮಗಳು: ಪಟ್ಟೆಯದರ ಮೇಲೆ. ನೋಡಿದಾಗಿನಿಂದ ಅದೇ ಕಣ್ಣಿಗೆ ಕಟ್ಟಿದೆ. ಆದರೆ ನುಡಿಸೋ ವಾದ್ಯವನ್ನ ಅಂದ ನೋಡಿ ತಗೊಳ್ಳೋದು ಸರಿಯಾ ಅಂತ ಅನುಮಾನ. ಮರ ಗೊತ್ತಿರೋರು ನೀವೇ ಅಂತ ಬಂದೆ.

ದೊಡ್ಡಪ್ಪ: ಫೋಟೋ ದೊಡ್ಡದು ಮಾಡು. ಹಾಂ, ಮೇಪಲ್. ಎಳೆ ಉದ್ದಕ್ಕೆ ಹೋಗಿದೆ, ಪಟ್ಟೆ ಅದಕ್ಕೆ ಅಡ್ಡಲಾಗಿ ಬಂದಿದೆ. ಇದು ಮರದ ಬಣ್ಣ ಅಲ್ಲಮ್ಮ. ಕೆಲವು ಮರದಲ್ಲಿ ನಾರು ನೆಟ್ಟಗೆ ಬೆಳೆಯದೆ ಅಲೆ ಅಲೆಯಾಗಿ ಬೆಳೆದಿರುತ್ತೆ. ಅದನ್ನ ಹಲಗೆ ಕೊಯ್ದಾಗ ಒಂದು ಕಡೆ ನಾರು ನಮ್ಮತ್ತ ಓರೆಯಾಗಿರುತ್ತೆ, ಅದರ ಪಕ್ಕದಲ್ಲೇ ಅತ್ತ ಓರೆಯಾಗಿರುತ್ತೆ. ಒಂದರ ಮೇಲೆ ಬಿದ್ದ ಬೆಳಕು ವಾಪಸ್ ಕಣ್ಣಿಗೆ ಬರುತ್ತೆ, ಇನ್ನೊಂದರಲ್ಲಿ ಒಳಗೆ ಇಳಿದುಹೋಗುತ್ತೆ. ಹಲಗೆಯನ್ನ ಸ್ವಲ್ಪ ವಾಲಿಸಿದರೆ ಹೊಳೀತಿದ್ದ ಪಟ್ಟೆ ಮಂಕಾಗುತ್ತೆ, ಮಂಕಾಗಿದ್ದದ್ದು ಹೊಳೆಯುತ್ತೆ.

ಮಗಳು: ಅಂಗಡೀಲಿ ನನ್ನನ್ನ ಹಿಡಿದು ನಿಲ್ಲಿಸಿದ್ದೇ ಅದು. ಕೈಯಲ್ಲಿ ತಿರುಗಿಸಿದ ಹಾಗೆಲ್ಲ ಪಟ್ಟೆ ಓಡಾಡ್ತಿತ್ತು.

ದೊಡ್ಡಪ್ಪ: ಪಿಟೀಲಿನ ಬೆನ್ನಲ್ಲೂ ಇದೇ ಮೇಪಲ್, ಇದೇ ಅಲೆ. ಇಟಲಿಯ ಕ್ರೆಮೋನಾದಲ್ಲಿ ಸ್ಟ್ರಾಡಿವೇರಿ ಪಿಟೀಲು ಮಾಡ್ತಿದ್ದ ಕಾಲಕ್ಕೇ ಇದರ ಹುಚ್ಚು ಇತ್ತು. ಕೆಲಸ ಮಾಡೋನಿಗೆ ಮಾತ್ರ ಕಷ್ಟದ ಮರ. ಕೀಸುಳಿ ಯಾವ ದಿಕ್ಕಿನಿಂದ ತಳ್ಳಿದರೂ ಎಲ್ಲೋ ಒಂದು ಕಡೆ ನಾರಿಗೆ ಎದುರಾಗುತ್ತೆ, ಚಕ್ಕೆ ಕಿತ್ತು ಬರುತ್ತೆ. ಕೊಯ್ಯೋ ದಿಕ್ಕು ತಪ್ಪಿದರೆ ಪಟ್ಟೆ ಅರ್ಧ ಹೋದಂತೆ. ತಿರುಳಿನಿಂದ ತೊಗಟೆಯ ಕಡೆಗೆ ಕೊಯ್ದ ಹಲಗೇಲಿ ಇದು ಚೆನ್ನಾಗಿ ಮೇಲೆ ಬರುತ್ತೆ. ಇಂಥ ಹಲಗೆ ಸಿಕ್ಕರೆ ಮಧ್ಯಕ್ಕೆ ಸೀಳಿ, ಪುಸ್ತಕ ತೆರೆದಂತೆ ಬಿಡಿಸಿ, ಎರಡು ಹೋಳನ್ನ ಅಂಟಿಸ್ತಾರೆ. ಎಡಗಡೆ ಇದ್ದದ್ದೇ ಬಲಗಡೆ ಕನ್ನಡಿಯಲ್ಲಿ ಕಂಡ ಹಾಗೆ ಕೂರುತ್ತೆ. ನಿನ್ನ ಫೋಟೋದಲ್ಲೂ ನಡುವೆ ಸಣ್ಣ ಗೆರೆ ಇದೆ ನೋಡು.

ಮಗಳು: ಅಂಗಡಿಯವರು ಇನ್ನೊಂದು ಮಾತು ಹೇಳಿದ್ರು. ಪಟ್ಟೆ ಇರೋ ಮೇಪಲ್‌ನಿಂದ ನಾದ ಚುರುಕಾಗಿ ಬರುತ್ತಂತೆ, ಅದಕ್ಕೇ ಬೆಲೆಯಂತೆ.

ದೊಡ್ಡಪ್ಪ: ಅದನ್ನ ನೀನೇ ನನಗೆ ಬಿಡಿಸಿ ಹೇಳಬೇಕು. ವೀಣೆ ಗೊತ್ತು ನನಗೆ. ಹಲಸಿನ ಕೊಡ, ಒಳಗೆ ಟೊಳ್ಳು. ತಂತಿಯ ನಡುಕ ಮರಕ್ಕೆ ಇಳಿಯುತ್ತೆ, ಮರ ಗಾಳಿಯನ್ನ ಅಲುಗಿಸುತ್ತೆ, ಅದೇ ನಮಗೆ ಕೇಳೋದು. ಇದು ಗಟ್ಟಿ ಮರ. ಟೊಳ್ಳೇ ಇಲ್ಲ. ನಾದ ಎಲ್ಲಿಂದ?

ಮಗಳು: ತಂತಿಯ ಕೆಳಗೆ ಪಿಕಪ್ ಇದೆಯಲ್ಲ, ಅದರೊಳಗೆ ಅಯಸ್ಕಾಂತ, ಸುತ್ತ ತೆಳು ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ತಂತಿ ಉಕ್ಕಿನದು. ಅದು ನಡುಗಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತೆ. ಅದು ಆಂಪ್ಲಿಫೈಯರಿಗೆ ಹೋಗಿ ಸ್ಪೀಕರಿನಿಂದ ಬರುತ್ತೆ. ಪಿಕಪ್ ಮರವನ್ನ ಕೇಳಿಸಿಕೊಳ್ಳಲ್ಲ, ಉಕ್ಕಿನ ತಂತಿಯನ್ನ ಕೇಳಿಸಿಕೊಳ್ಳುತ್ತೆ.

ದೊಡ್ಡಪ್ಪ: ತಂತಿಯ ಎರಡು ತುದಿಯೂ ಮರದ ಮೇಲೇ ಕೂತಿರೋದಲ್ವಾ? ಮರ ಸ್ವಲ್ಪ ಕಂಪನ ನುಂಗಿದರೆ ತಂತಿಯ ನಡುಕವೇ ಬದಲಾಗಬೇಕು.

ಮಗಳು: ಬದಲಾಗುತ್ತೆ, ಇಲ್ಲ ಅನ್ನಲ್ಲ. ಆದರೆ ಪಿಕಪ್ ಯಾವುದು, ತಂತಿಯಿಂದ ಎಷ್ಟು ಕೆಳಗಿದೆ, ತಂತಿ ಎಷ್ಟು ದಪ್ಪ, ಆಂಪ್ ಯಾವುದು, ಇವುಗಳ ಮುಂದೆ ಆ ವ್ಯತ್ಯಾಸ ಬಹಳ ಸಣ್ಣದು. ನ್ಯಾಶ್‌ವಿಲ್‌ನ ಒಬ್ಬ ವಾದಕ ಗಿಟಾರಿನ ಮೈಯನ್ನೇ ಬಿಟ್ಟು, ಎರಡು ಬೆಂಚುಗಳ ನಡುವೆ ತಂತಿ ಎಳೆದು, ಪಿಕಪ್ ಇಟ್ಟು ನುಡಿಸಿ ರೆಕಾರ್ಡ್ ಮಾಡಿದ್ದಾರೆ. ಒಳ್ಳೇ ಗಿಟಾರಿನ ಪಕ್ಕದಲ್ಲಿಟ್ಟು ಕೇಳಿದೆ. ಯಾವುದು ಯಾವುದು ಅಂತ ಹೇಳೋಕೆ ನನ್ನಿಂದ ಆಗಲಿಲ್ಲ.

ದೊಡ್ಡಪ್ಪ: ಟೊಳ್ಳು ಗಿಟಾರಿನಲ್ಲಾದರೂ ಮರ ಮಾತಾಡಬೇಕಲ್ಲ.

ಮಗಳು: ಅದನ್ನೂ ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನ. ಒಬ್ಬರೇ ಕುಶಲಕರ್ಮಿಯ ಕೈಯಲ್ಲಿ ಆರು ಅಕೂಸ್ಟಿಕ್ ಗಿಟಾರ್ ಮಾಡಿಸಿದ್ರು. ಬೆನ್ನು ಮತ್ತು ಪಕ್ಕದ ಮರ ಬಿಟ್ಟು ಉಳಿದದ್ದೆಲ್ಲ ಒಂದೇ. ಒಂದಕ್ಕೆ ಮೇಪಲ್, ಒಂದಕ್ಕೆ ಮಹಾಗನಿ, ಒಂದಕ್ಕೆ ವಾಲ್‌ನಟ್, ಒಂದಕ್ಕೆ ಸಪೇಲೆ, ಒಂದಕ್ಕೆ ಬ್ರೆಜಿಲಿನ ರೋಸ್‌ವುಡ್, ಇನ್ನೊಂದಕ್ಕೆ ನಮ್ಮ ಬೀಟೆ. 52 ಜನ ಗಿಟಾರ್ ವಾದಕರಿಗೆ ವೆಲ್ಡಿಂಗ್ ಮಾಡೋರು ಹಾಕೋ ಕನ್ನಡಕ ಕೊಟ್ಟು, ಮಬ್ಬು ಬೆಳಕಿನಲ್ಲಿ ಕೂರಿಸಿ ನುಡಿಸೋಕೆ ಹೇಳಿದ್ರು. ಮರ ಕಾಣದೆ ಹೋದಾಗ ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂತು.

ದೊಡ್ಡಪ್ಪ: ಮುಂಭಾಗದ ಹಲಗೆ ಒಂದೇ ಇತ್ತಲ್ಲ, ನಾದದ ಬಹುಪಾಲು ಅಲ್ಲಿಂದ ಬರೋದು. ಆದರೂ ಬೀಟೆಯ ಮೇಲೆ ಜನ ಇಟ್ಟಿರೋ ನಂಬಿಕೆಗೆ ಇದು ದೊಡ್ಡ ಪೆಟ್ಟೇ. ಸರಿ, ಟೊಳ್ಳು ಗಿಟಾರಿನ ಬೆನ್ನಿನ ಕಥೆಯೇ ಹೀಗಾದರೆ ಗಟ್ಟಿ ಮೈಯ ಮೇಲಿನ ಪಟ್ಟೆ ನಾದಕ್ಕೆ ಏನು ಕೊಟ್ಟೀತು? ಅದೂ ಈ ಬೆಲೆಗೆ. ಹನ್ನೆರಡು ಸಾವಿರಕ್ಕೆ ಅರ್ಧ ಇಂಚಿನ ಪಟ್ಟೆ ಮೇಪಲ್ ಯಾರೂ ಕೊಡಲ್ಲ. ಇದು ವಿನಿಯರ್. ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಹಾಳೆ. ನಾವು ವಾರ್ಡ್‌ರೋಬಿನ ಬಾಗಿಲಿಗೆ ಪ್ಲೈವುಡ್ ಮೇಲೆ ಅಂಟಿಸ್ತೀವಲ್ಲ, ಅದೇ ಕೆಲಸ.

ಮಗಳು: ಅಂದ್ರೆ ನಕಲಿ ಅಂತೀರಾ?

ದೊಡ್ಡಪ್ಪ: ನಕಲಿ ಅನ್ನಲ್ಲ. ಹಾಳೆ ನಿಜವಾದ ಮೇಪಲ್ಲೇ, ಪಟ್ಟೆ ಮರದ ಪಟ್ಟೆಯೇ. ಅದನ್ನ ಗಟ್ಟಿ ಹಲಗೆ ಅಂತ ಮಾರಿದರೆ ಸುಳ್ಳು. ನಾದಕ್ಕೆ ಅಂತ ಮಾರಿದರೂ ಸುಳ್ಳು. ಚೆಂದಕ್ಕೆ ಅಂತ ಮಾರಿದರೆ ನ್ಯಾಯವಾದ ವ್ಯಾಪಾರ.

ಮಗಳು: ಹಾಳೆಯೋ ಹಲಗೆಯೋ ಅಂತ ಅಂಗಡೀಲಿ ಕಂಡುಹಿಡಿಯೋದು ಹೇಗೆ?

ದೊಡ್ಡಪ್ಪ: ಅಂಚು ನೋಡಬೇಕು. ಮುಖದ ಎಳೆ ಅಂಚಿನಿಂದ ಪಕ್ಕಕ್ಕೆ ಇಳಿದು ಮುಂದುವರಿದರೆ ಹಲಗೆ. ಅಂಚಲ್ಲೇ ನಿಂತುಹೋದರೆ ಹಾಳೆ. ಅಂಚಿನ ಸುತ್ತ ದಟ್ಟ ಬಣ್ಣ ಹೊಡೆದಿದ್ದರೆ ಎಳೆ ಕಾಣಲ್ಲ, ಆಗ ಪಿಕಪ್ ಕೂರಿಸಿದ ಗುಂಡಿಯ ಗೋಡೆಯಲ್ಲಿ ನೋಡಬೇಕು. ಪದರ ಎಷ್ಟು ದಪ್ಪ ಅನ್ನೋದು ಅಲ್ಲಿ ಬಚ್ಚಿಡೋಕೆ ಆಗಲ್ಲ.

ಮಗಳು: ಹಾಳೆಯೂ ಇಲ್ಲದೆ ಪಟ್ಟೆಯ ಚಿತ್ರವನ್ನೇ ಮುದ್ರಿಸಿದ ಗಿಟಾರುಗಳೂ ಇವೆ ದೊಡ್ಡಪ್ಪ. 1990ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ, ಫೆಂಡರ್ ಅನ್ನೋ ಅಮೆರಿಕದ ಕಂಪನಿಯ ಕೆಲವು ಗಿಟಾರುಗಳಲ್ಲಿ ಹಾಗೆ ಮಾಡಿದ್ರು. ನುಡಿಸಿದವರು ಅವುಗಳ ನಾದವನ್ನ ಹೊಗಳ್ತಾರೆ.

ದೊಡ್ಡಪ್ಪ: ಮುದ್ರಿಸಿದ ಪಟ್ಟೆ ಓಡಾಡುತ್ತಾ?

ಮಗಳು: ಇಲ್ಲ.

ದೊಡ್ಡಪ್ಪ: ಹಾಗಾದರೆ ನನಗೆ ಬೇಡ. ಇದು ನನ್ನ ಅಭಿಪ್ರಾಯ, ನೀನು ಒಪ್ಪಬೇಕು ಅಂತಿಲ್ಲ. ಅದಿರಲಿ, ಈ ಹುಚ್ಚು ಶುರುವಾದದ್ದು ಎಲ್ಲಿಂದ? ಕಪ್ಪು ಗಿಟಾರಿಗಿಂತ ಪಟ್ಟೆ ಗಿಟಾರ್ ದೊಡ್ಡದು ಅಂತ ಯಾರು ಕಲಿಸಿದ್ರು?

ಮಗಳು: ಅಮೆರಿಕದ ಮಿಚಿಗನ್ ರಾಜ್ಯದ ಕಲಾಮಜೂ ಊರಿನ ಗಿಬ್ಸನ್ ಕಾರ್ಖಾನೆ ಕಲಿಸ್ತು. ಕಲಿಸಬೇಕು ಅಂತ ಕಲಿಸಿದ್ದಲ್ಲ, ಅದೇ ಸೋಜಿಗ. 1952ರಲ್ಲಿ ಅವರು ಲೆಸ್ ಪಾಲ್ ಅನ್ನೋ ಮಾದರಿ ತಂದ್ರು. ಮೈ ಮಹಾಗನಿ, ಮೇಲೆ ಮೇಪಲ್ ಹಲಗೆ, ಅದರ ಮೇಲೆ ಚಿನ್ನದ ಬಣ್ಣ. ಆ ಬಣ್ಣದ ಅಡಿಯಲ್ಲಿ ಮೇಪಲ್ ಹೇಗಿದ್ದರೂ, ಜೋಡಣೆಯ ಗೆರೆ ಎಲ್ಲಿ ಬಂದರೂ ನಡೀತಿತ್ತು, ಯಾರಿಗೂ ಕಾಣಲ್ವಲ್ಲ. ಮಾರಾಟ ಇಳಿಯಿತು. 1958ರಲ್ಲಿ ಚಿನ್ನದ ಬಣ್ಣ ಬಿಟ್ಟು, ನಡುವೆ ಹಳದಿ, ಅಂಚಿಗೆ ಕೆಂಪು ಬರೋ ಹಾಗೆ ಪಾರದರ್ಶಕ ಬಣ್ಣ ಹೊಡೆದ್ರು. ಆಗ ಒಳಗಿನ ಮೇಪಲ್ ಮೊದಲ ಸಲ ಹೊರಗೆ ಕಾಣಿಸಿತು.

ದೊಡ್ಡಪ್ಪ: ಪಟ್ಟೆ ಇರೋದನ್ನೇ ಆರಿಸಿ ಹಾಕ್ತಿದ್ರಾ?

ಮಗಳು: ಇಲ್ಲ. ಹಲಗೆ ಬಂದ ಹಾಗೆ ಹಾಕಿದ್ರು. ಒಂದರಲ್ಲಿ ಅಗಲವಾದ ಪಟ್ಟೆ, ಇನ್ನೊಂದರಲ್ಲಿ ಸಣ್ಣ ಗೆರೆ, ಮತ್ತೊಂದರಲ್ಲಿ ಏನೂ ಇಲ್ಲ. ಬೆಲೆ ಎಲ್ಲಕ್ಕೂ ಒಂದೇ, ಸುಮಾರು 250 ಡಾಲರ್. ಆದರೂ ಜನ ಕೊಳ್ಳಲಿಲ್ಲ. 1960ರಲ್ಲಿ ನಿಲ್ಲಿಸಿಬಿಟ್ರು. ಮೂರು ವರ್ಷದಲ್ಲಿ ಮಾಡಿದ್ದು ಸುಮಾರು 1,500 ಅಂತ ಅಂದಾಜು. 1961ರಲ್ಲಿ ಬಂದ ಹೊಸ ಆಕಾರದಲ್ಲಿ ಮೇಪಲ್ಲೇ ಇರಲಿಲ್ಲ, ಪೂರ್ತಿ ಮಹಾಗನಿ.

ದೊಡ್ಡಪ್ಪ: ಆಮೇಲೆ ಹೇಗೆ ಹೆಸರಾಯಿತು?

ಮಗಳು: ಕಿವಿಯಿಂದಲೇ. 1966ರಲ್ಲಿ ಲಂಡನ್ನಿನಲ್ಲಿ ಎರಿಕ್ ಕ್ಲಾಪ್ಟನ್ ಅನ್ನೋ ಗಿಟಾರ್ ವಾದಕ ಜಾನ್ ಮೇಯಲ್ ತಂಡದ ರೆಕಾರ್ಡಿನಲ್ಲಿ ಅಂಥದೊಂದು ಹಳೇ ಲೆಸ್ ಪಾಲನ್ನ ಆಂಪ್ ಜೋರು ಮಾಡಿ ನುಡಿಸಿದ್ರು. ಆ ನಾದ ಕೇಳಿದವರು ಅದೇ ಗಿಟಾರನ್ನ ಹುಡುಕಿಕೊಂಡು ಹೊರಟ್ರು. ಜಿಮ್ಮಿ ಪೇಜ್, ಪೀಟರ್ ಗ್ರೀನ್ ಹೀಗೆ ಒಬ್ಬೊಬ್ಬರ ಕೈಗೂ ಅದು ಬಂತು. ಸಿಕ್ಕೋದು ಕೆಲವೇ, ಬೇಡೋರು ಸಾವಿರಾರು. ಎರಡು ಗಿಟಾರ್ ಒಂದೇ ವರ್ಷದ್ದು, ಒಂದೇ ಪಿಕಪ್ ಆಗಿದ್ರೆ ಬೇರ್ಪಡಿಸೋದು ಹೇಗೆ? ಪಟ್ಟೆ ನೋಡೋಕೆ ಶುರು ಮಾಡಿದ್ರು. ಈಗ ಅವು ಲಕ್ಷಗಟ್ಟಲೆ ಡಾಲರಿಗೆ ಹೋಗುತ್ತವೆ, ಅದರಲ್ಲೂ ಪಟ್ಟೆ ದಟ್ಟವಾಗಿದ್ರೆ ಇನ್ನೂ ಹೆಚ್ಚು. ಕಾರ್ಖಾನೆಯವರು ಗಮನವೇ ಕೊಡದೆ ಅಂಟಿಸಿದ ಹಲಗೆಗೆ!

ದೊಡ್ಡಪ್ಪ: ಆ ಕೆಂಪು ಬಣ್ಣ ಇನ್ನೂ ಹಾಗೇ ಇದೆಯಾ?

ಮಗಳು: ಬಹಳಷ್ಟರಲ್ಲಿ ಇಲ್ಲ. ಅವರು ಹಾಕಿದ ಕೆಂಪು ಬಿಸಿಲಿಗೆ ಮಾಸುವಂಥದ್ದು. ಅಂಗಡಿಯ ಕಿಟಕಿಯಲ್ಲಿ ತೂಗಿಹಾಕಿದ್ದು ಜೇನಿನ ಬಣ್ಣಕ್ಕೆ, ನಿಂಬೆಯ ಬಣ್ಣಕ್ಕೆ ತಿರುಗಿತು. ಪೆಟ್ಟಿಗೆಯಲ್ಲೇ ಇದ್ದದ್ದು ಕೆಂಪಾಗೇ ಉಳಿಯಿತು. 1960ರಲ್ಲಿ ಮಾಸದ ಕೆಂಪನ್ನ ಹಾಕೋಕೆ ಶುರು ಮಾಡಿದ್ರು. ಈಗ ಸಂಗ್ರಹಿಸೋರಿಗೆ ಮಾಸಿದ್ದೇ ಇಷ್ಟ.

ದೊಡ್ಡಪ್ಪ: ಮಾಸಿದಾಗ ಮರ ಇನ್ನೂ ಚೆನ್ನಾಗಿ ಕಂಡಿರಬೇಕು. ಅದರಲ್ಲಿ ತಪ್ಪೇನಿಲ್ಲ.

ಮಗಳು: ಆ ಗಿಬ್ಸನ್ನಿಗೆ ಆಗ ಅಧ್ಯಕ್ಷರಾಗಿದ್ದೋರು ಟೆಡ್ ಮೆಕಾರ್ಟಿ. ಅವರಿಗೆ ವಯಸ್ಸಾದ ಮೇಲೆ ಪಾಲ್ ರೀಡ್ ಸ್ಮಿತ್ ಅನ್ನೋ ಗಿಟಾರ್ ತಯಾರಕರು ಹುಡುಕಿಕೊಂಡು ಹೋಗಿ ಗುರು ಮಾಡಿಕೊಂಡ್ರು. ಸ್ಮಿತ್ 1985ರಲ್ಲಿ ಮೇರಿಲ್ಯಾಂಡಿನಲ್ಲಿ ಕಂಪನಿ ಶುರು ಮಾಡಿದವರು. ಕಲಾಮಜೂದಲ್ಲಿ ಅಕಸ್ಮಾತ್ ಆಗಿದ್ದನ್ನ ಇವರು ಬೇಕಂತಲೇ ಮಾಡಿದ್ರು. ಹಲಗೆ ಆರಿಸೋದು, ದರ್ಜೆ ಕಟ್ಟೋದು, ಎಲ್ಲಕ್ಕಿಂತ ಒಳ್ಳೇದಕ್ಕೆ 10 ಅಂತ ಗುರುತು ಹಾಕಿ ಹೆಚ್ಚು ಬೆಲೆ ಕೇಳೋದು. ಇವತ್ತು ನಾನು ಹನ್ನೆರಡು ಸಾವಿರದ ಲೆಕ್ಕ ಹಾಕ್ತಾ ಕೂತಿದ್ದೀನಲ್ಲ, ಅದರ ಬೇರು ಅಲ್ಲಿದೆ.

ದೊಡ್ಡಪ್ಪ: ನೋಡಮ್ಮ, ನನಗೆ ಅನ್ನಿಸೋದು ಇಷ್ಟು. ಕಣ್ಣಿಗೆ ಹಿಡಿಸಿದ್ದನ್ನ ಕಣ್ಣಿನ ಹೆಸರಲ್ಲೇ ತಗೋ, ಕಿವಿಯ ಹೆಸರಲ್ಲಿ ತಗೋಬೇಡ. ದಿನಾ ಕೈಗೆತ್ತಿಕೊಳ್ಳೋ ವಸ್ತು ಚೆಂದ ಇರಲಿ ಅನ್ನೋದು ಸಣ್ಣ ಆಸೆ ಅಲ್ಲ. ಚೆಂದ ಇದ್ದರೆ ಇನ್ನೂ ಹತ್ತು ನಿಮಿಷ ಜಾಸ್ತಿ ನುಡಿಸ್ತೀಯ. ನಾದಕ್ಕಾಗಿ ಕೊಟ್ಟೆ ಅಂತ ಅಂದುಕೊಂಡರೆ ಮಾತ್ರ ನಾಳೆ ಇನ್ನೊಂದು ಹಲಗೆ, ನಾಡಿದ್ದು ಇನ್ನೊಂದು ಅಂತ ಹುಡುಕ್ತಾನೇ ಇರ್ತೀಯ, ಅಭ್ಯಾಸ ಹಿಂದೆ ಬೀಳುತ್ತೆ.

ಮಗಳು: ಕಣ್ಣಿಗಾಗಿ ಮರ ಆರಿಸಿದ್ದನ್ನ ಫೆಂಡರ್‌ನವರು ಮುಚ್ಚಿಡಲಿಲ್ಲ ಅನ್ಸುತ್ತೆ. 1950ರಲ್ಲಿ ಗಟ್ಟಿ ಮೈಯ ಗಿಟಾರ್ ಶುರು ಮಾಡಿದಾಗ ಆ್ಯಶ್ ಮರ ಬಳಸಿದ್ರು, ಎದ್ದು ಕಾಣೋ ಎಳೆ, ಮೇಲೆ ಬೆಣ್ಣೆ ಬಣ್ಣ. 1956ರ ಸುಮಾರಿಗೆ ಅವರ ಸ್ಟ್ರಾಟೊಕ್ಯಾಸ್ಟರ್ ಮಾದರಿಗೆ ಆಲ್ಡರ್ ಮರ ಬಂತು.

ದೊಡ್ಡಪ್ಪ: ಆ್ಯಶ್‌ನ ರಂಧ್ರ ದೊಡ್ಡದು. ಫಿಲ್ಲರ್ ಜಾಸ್ತಿ ಕುಡಿಯುತ್ತೆ. ರಂಧ್ರ ತುಂಬದೆ ಬಣ್ಣ ನುಣುಪಾಗಲ್ಲ.

ಮಗಳು: ಅದೇ. ಆಲ್ಡರಿನ ಮೈ ಮುಚ್ಚಿಕೊಂಡಿರುತ್ತೆ, ಬಣ್ಣ ಬೇಗ ಕೂರುತ್ತೆ. ಕಾರಿಗೆ ಹೊಡೆಯೋ ಬಣ್ಣಗಳನ್ನೇ ತಂದು ಹೊಡೆದ್ರು. ಆದರೆ ಬೆಣ್ಣೆ ಬಣ್ಣದ ಗಿಟಾರಿಗೆ ಮಾತ್ರ ಆ್ಯಶ್ ಬಿಡಲಿಲ್ಲ, ಆ ಬಣ್ಣದೊಳಗಿಂದ ಎಳೆ ಕಾಣಬೇಕಿತ್ತು. ಯಾವ ಗಿಟಾರಿಗೆ ಯಾವ ಮರ ಅನ್ನೋದನ್ನ ಅಲ್ಲಿ ಬಣ್ಣವೇ ತೀರ್ಮಾನ ಮಾಡ್ತು. 2020ರಲ್ಲಿ ಆ್ಯಶ್ ಬಳಕೆ ಕಡಿಮೆ ಮಾಡ್ತೀವಿ ಅಂತ ಅವರು ಹೇಳಬೇಕಾಯ್ತು. ಅಮೆರಿಕದಲ್ಲಿ ಒಂದು ಹಸಿರು ದುಂಬಿ ಆ್ಯಶ್ ಮರಗಳನ್ನೇ ಕೊಲ್ತಿದೆ.

ದೊಡ್ಡಪ್ಪ: ಮರ ಹೋದ ಮೇಲೆ ಪಟ್ಟೆ ಎಲ್ಲಿಂದ ಬರುತ್ತೆ... ಇರಲಿ. ನೀನು ಇಷ್ಟು ಹೊತ್ತು ಗಿಟಾರಿನ ಮುಖ ತೋರಿಸಿದೆ. ಕುತ್ತಿಗೆ ತೋರಿಸು.

ಮಗಳು: ನೆಕ್ಕಾ? ಅದರ ಫೋಟೋ ಹಾಕಿಲ್ಲ ಅವರು.

ದೊಡ್ಡಪ್ಪ: ನಾನು ನೋಡೋದು ಮೊದಲು ಅದನ್ನ. ಆರು ತಂತಿ ಬಿಗಿದರೆ ಎಷ್ಟು ಭಾರ ಬೀಳುತ್ತೆ?

ಮಗಳು: ಹತ್ತಿರ ಹತ್ತಿರ 45 ಕಿಲೋ. ಒಳಗೆ ಉಕ್ಕಿನ ಸರಳು ಇರುತ್ತೆ, ಬಾಗಿದರೆ ತಿರುಗಿಸಿ ಸರಿ ಮಾಡಬಹುದು.

ದೊಡ್ಡಪ್ಪ: ಸರಳು ಬಾಗಿದ್ದನ್ನ ಸರಿ ಮಾಡುತ್ತೆ. ತಿರುಚಿಕೊಂಡರೆ ಏನೂ ಮಾಡಲ್ಲ. ಅದು ಮರದ ಎಳೆಯ ಕೈಯಲ್ಲಿದೆ. ಕೊಡಲಿಯ ಕಾವಿಗೆ ಎಳೆ ಓರೆ ಇರೋ ಮರವನ್ನ ಯಾರೂ ಹಾಕಲ್ಲ, ಎರಡು ಏಟಿಗೆ ಸೀಳುತ್ತೆ. ನೆಕ್ಕಿಗೂ ಅದೇ ನಿಯಮ. ಎಳೆ ಈ ತುದಿಯಿಂದ ಆ ತುದಿವರೆಗೆ ಓಡಬೇಕು. ನಡುವೆ ಹಿಂಬದಿಗೆ ಇಳಿದು ಮುಗಿದುಹೋದರೆ, ಗಂಟು ಇದ್ದರೆ, ಅಲ್ಲಿ ಬಲ ಇಲ್ಲ. ಮುಖಕ್ಕೆ ಚೆಂದ ಅಂದ್ಯಲ್ಲ, ಆ ಅಲೆ ನಾರು ನೆಕ್ಕಿನಲ್ಲಿ ಜಾಸ್ತಿ ಇದ್ದರೆ ನಾನು ಎರಡು ಸಲ ಯೋಚಿಸ್ತೀನಿ. ನೇರ ನಾರಿನ ಬಲ ಅದಕ್ಕಿಲ್ಲ.

ಮಗಳು: ಅದಕ್ಕೇ ಇರಬೇಕು ಲೆಸ್ ಪಾಲ್‌ಗಳ ತಲೆ ಮುರಿಯೋದು! ಹೆಡ್‌ಸ್ಟಾಕ್ ಹಿಂದಕ್ಕೆ 17 ಡಿಗ್ರಿ ಬಾಗಿರುತ್ತೆ. ಸ್ಟ್ಯಾಂಡಿನಿಂದ ಬಿದ್ದರೆ ಅಲ್ಲೇ ಮುರಿಯುತ್ತೆ, ಪ್ರತಿ ರಿಪೇರಿ ಅಂಗಡೀಲೂ ಒಂದು ಇರುತ್ತೆ.

ದೊಡ್ಡಪ್ಪ: ಒಂದೇ ತುಂಡಿನಲ್ಲಿ ಕೆತ್ತಿದ್ದಾ?

ಮಗಳು: ಹೌದು, ಒಂದೇ ಮಹಾಗನಿ ತುಂಡು.

ದೊಡ್ಡಪ್ಪ: ಮುರಿಯದೆ ಇನ್ನೇನು? ಎಳೆ ನೆಕ್ಕಿನ ಉದ್ದಕ್ಕೆ ನೇರವಾಗಿ ಓಡುತ್ತೆ. ತಲೆಯ ಹತ್ತಿರ ಮರ ಹಿಂದಕ್ಕೆ ತಿರುಗುತ್ತೆ, ಎಳೆ ತಿರುಗಲ್ಲ. ಹಾಗಾಗಿ ಆ ಜಾಗದಲ್ಲಿ ನಾರು ಗೇಣುದ್ದ ಇರೋದಿಲ್ಲ, ಚೂರು ಚೂರಾಗಿ ಹೊರಗೆ ಬಂದುಬಿಟ್ಟಿರುತ್ತೆ. ಸರಳು ತಿರುಗಿಸೋಕೆ ಗುಂಡಿಯನ್ನೂ ಅಲ್ಲೇ ತೋಡಿದ್ದರೆ ಕೇಳೋದೇ ಬೇಡ.

ಮಗಳು: ಅಲ್ಲೇ ತೋಡಿದ್ದಾರೆ. ಫೆಂಡರಿನ ತಲೆ ಬಾಗೇ ಇಲ್ಲ, ನೇರ.

ದೊಡ್ಡಪ್ಪ: ಹಾಗಿದ್ದರೆ ಎಳೆ ತುದಿವರೆಗೂ ಓಡುತ್ತೆ, ಬಿದ್ದರೂ ತಡೆಯುತ್ತೆ. ಬಾಗಿದ ತಲೆಯೇ ಬೇಕು ಅಂದರೆ ನಾನಾದರೆ ಮರವನ್ನ ಓರೆಯಾಗಿ ಕೊಯ್ದು, ತುಂಡನ್ನ ತಿರುವಿ ಅಂಟಿಸ್ತೀನಿ. ಆಗ ತಲೆಯ ಎಳೆ ತಲೆಯ ಉದ್ದಕ್ಕೇ ಬರುತ್ತೆ.

ಮಗಳು: ಅದು ಕಡಿಮೆ ಬೆಲೆಯ ಗಿಟಾರುಗಳಲ್ಲಿ ಇರುತ್ತೆ ದೊಡ್ಡಪ್ಪ. ನೆಕ್ಕಿನ ಹಿಂದೆ ಓರೆ ಗೆರೆ ಕಾಣುತ್ತೆ. "ಜೋಡಣೆ ಇದೆ, ತುಂಡು ಮರ" ಅಂತ ಜನ ಮುಖ ಮುರೀತಾರೆ. ನಾನು ನೋಡಿರೋ ಈ ಗಿಟಾರಿನಲ್ಲೂ ಅದು ಇದೆ ಅಂತ ನಾನೇ ಬೇಜಾರು ಮಾಡಿಕೊಂಡಿದ್ದೆ.

ದೊಡ್ಡಪ್ಪ: ಒಳ್ಳೇ ಅಂಟು, ಬಿಗಿಯಾದ ಜೋಡಣೆ ಆದರೆ ಆ ಗೆರೆ ಗಟ್ಟಿತನದ ಗುರುತು. ಹಳೇ ಕಾಲದ ಸ್ಪ್ಯಾನಿಷ್ ಗಿಟಾರುಗಳಲ್ಲೂ ಇಂಥ ಜೋಡಣೆ ಇದೆ. ಮುಖದ ನಡುವಿನ ಜೋಡಣೆಗೆ ಹೆಚ್ಚು ದುಡ್ಡು ಕೊಡ್ತಾರೆ, ನೆಕ್ಕಿನ ಜೋಡಣೆಯನ್ನ ಕಂಡರೆ ಬೇಡ ಅಂತಾರೆ. ಇದು ನನಗೆ ನಿಜವಾಗಲೂ ಬೇಸರದ ಸಂಗತಿ. ಕೆಲಸ ತಿಳಿದೋನು ಬಲಕ್ಕಾಗಿ ಮಾಡಿದ್ದು ನೋಡೋರ ಕಣ್ಣಲ್ಲಿ ಕೀಳಾಗಿಬಿಡುತ್ತೆ.

ಮಗಳು: ನೆಕ್ಕಿನ ಮರ ಅಂದಾಗ ನೆನಪಾಯ್ತು. ಬ್ರಯನ್ ಮೇ ಅಂತ, ಇಂಗ್ಲೆಂಡಿನ ಕ್ವೀನ್ ಅನ್ನೋ ರಾಕ್ ತಂಡದ ಗಿಟಾರ್ ವಾದಕರು. ಹುಡುಗರಾಗಿದ್ದಾಗ, 1963ರ ಸುಮಾರಿಗೆ, ಅಪ್ಪನ ಜೊತೆ ಸೇರಿ ಮನೇಲೇ ಗಿಟಾರ್ ಮಾಡಿಕೊಂಡ್ರು. ನೆಕ್ಕಿಗೆ ಹಳೇ ಬೆಂಕಿಗೂಡಿನ ಮೇಲಿನ ಮಹಾಗನಿ ತೊಲೆ. ಹುಳ ಕೊರೆದ ತೂತುಗಳನ್ನ ಬೆಂಕಿಕಡ್ಡಿಯಿಂದ ಮುಚ್ಚಿದ್ರು. ಜೀವನಪೂರ್ತಿ ಅದನ್ನೇ ನುಡಿಸಿದ್ದಾರೆ.

ದೊಡ್ಡಪ್ಪ: ಅಷ್ಟು ವರ್ಷ ಒಣಗಿದ ತೊಲೆ! ತಿರುಚೋದೆಲ್ಲ ತಿರುಚಿ ಮುಗಿದಿರುತ್ತೆ. ಒಳ್ಳೇ ಆಯ್ಕೆ. ಬೆರಳು ಒತ್ತೋ ಹಲಗೆ ಯಾವ ಮರದ್ದು ನಿನ್ನದರಲ್ಲಿ?

ಮಗಳು: ರೋಸ್‌ವುಡ್ ಅಂತ ಬರೆದಿದೆ, ಭಾರತದ್ದು. ಬೀಟೆ.

ದೊಡ್ಡಪ್ಪ: ನಮ್ಮ ಘಟ್ಟದ ಮರ. ನಮ್ಮಲ್ಲಿ ಅದನ್ನ ಕಡಿಯೋಕೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಮೈಸೂರಿನಲ್ಲಿ ಮರದೊಳಗೆ ಮರ ಕೂರಿಸಿ ಚಿತ್ತಾರ ಮಾಡೋರು ಬೀಟೆಯ ಸಣ್ಣ ಚೂರನ್ನೂ ಬಿಸಾಡಲ್ಲ.

ಮಗಳು: ಇದಕ್ಕೂ ಕಣ್ಣಿನ ಕಥೆ ಇದೆ. ಬ್ರೆಜಿಲಿನ ರೋಸ್‌ವುಡ್ ವ್ಯಾಪಾರವನ್ನ 1992ರಲ್ಲೇ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ತಡೆದಿದ್ರು. 2017ರ ಜನವರಿಯಿಂದ ಬೀಟೆಯ ಜಾತಿಯ ಎಲ್ಲ ಮರಗಳಿಗೂ ಗಡಿ ದಾಟೋಕೆ ಪರವಾನಗಿ ಬೇಕು ಅಂದ್ರು. ಫೆಂಡರ್‌ನವರು ಮೆಕ್ಸಿಕೋದಲ್ಲಿ ಮಾಡೋ ಗಿಟಾರುಗಳಿಗೆ ಪಾವ್ ಫೆರೋ ಅನ್ನೋ ದಕ್ಷಿಣ ಅಮೆರಿಕದ ಮರ ಹಾಕಿದ್ರು. ಗಟ್ಟಿ ಮರವೇ, ಬಣ್ಣ ಸ್ವಲ್ಪ ತಿಳಿ. ಅಷ್ಟಕ್ಕೇ ಬಹಳ ಜನ ಬೇಡ ಅಂದ್ರು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು, ಬೀಟೆ ವಾಪಸ್ ಬಂತು.

ದೊಡ್ಡಪ್ಪ: ಬಣ್ಣ ತಿಳಿ ಅಂತ ಮರವನ್ನ ಬೇಡ ಅನ್ನೋದು ಸರಿಯಲ್ಲ. ಬೀಟೆ ಬಲಿಯೋಕೆ ಒಂದು ತಲೆಮಾರು ಸಾಕಾಗಲ್ಲ.

ಮಗಳು: ಪಾವ್ ಫೆರೋ ಹಲಗೆಯದು ಸಿಕ್ಕರೆ ನಾನು ಬೇಡ ಅನ್ನಲ್ಲ. ಆದರೆ ಮುಖದ ಪಟ್ಟೆಯ ಆಸೆ ಹೋಗಿಲ್ಲ, ನಿಜ ಹೇಳ್ತೀನಿ.

ದೊಡ್ಡಪ್ಪ: ಹೋಗಬೇಕಾಗಿಲ್ಲ. ಎರಡನ್ನೂ ಕೆಳಗಿಳಿಸಿ ಕೊಡೋಕೆ ಹೇಳು. ಮೊದಲು ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ಕಿನ ಉದ್ದಕ್ಕೆ ನೋಡ್ತೀನಿ, ತಿರುಚಿದೆಯಾ ಅಂತ. ಆಮೇಲೆ ಹಿಂಬದಿಯ ಎಳೆ, ಪಕ್ಕದ ಎಳೆ, ಆ ಓರೆ ಜೋಡಣೆ ಬಿಗಿಯಾಗಿದೆಯಾ ಅಂತ. ನೀನು ಬೆನ್ನು ತಿರುಗಿಸಿ ಕೂತ್ಕೋ. ನಾನು ಒಂದೊಂದಾಗಿ ಕೈಗೆ ಕೊಡ್ತೀನಿ, ಕೆಳಗೆ ನೋಡದೆ ನುಡಿಸು.

ಮಗಳು: ಕಪ್ಪಿನದರ ನೆಕ್ ಚೆನ್ನಾಗಿದ್ದು ಪಟ್ಟೆಯದರದ್ದು ಓರೆ ಇದ್ದರೆ ಕಪ್ಪೇ ತಗೋತೀನಿ, ಉಳಿದ ದುಡ್ಡಿಗೆ ಪಿಕಪ್ ಬದಲಾಯಿಸ್ತೀನಿ. ಎರಡೂ ಚೆನ್ನಾಗಿದ್ದರೆ ಪಟ್ಟೆಯದೇ. ಹನ್ನೆರಡು ಸಾವಿರ ಕಣ್ಣಿಗೆ ಕೊಟ್ಟೆ ಅಂತ ಗೊತ್ತಿದ್ದೇ ಕೊಡ್ತೀನಿ.

ದೊಡ್ಡಪ್ಪ: ಶನಿವಾರ ಬೆಳಿಗ್ಗೆ ಹೋಗೋಣ. ಟ್ಯೂಬ್‌ಲೈಟಿನಡಿ ಬೇಡ, ಬಾಗಿಲ ಹತ್ತಿರ ಹಗಲು ಬೆಳಕಿಗೆ ತಂದು ನೋಡಬೇಕು. ಪಿಕಪ್ ಗುಂಡಿ ತೋರಿಸೋಕೆ ಸ್ಕ್ರೂ ಬಿಚ್ಚಿಕೊಡ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿಬಿಡು.